ಕಿವಿ ಬಿಟ್ಟು ಮರಳಿ ಹುಟ್ಟಿದ ಕಂಪ್ಯೂಟರ್ ಮಹಾಶಯರಿಗೆ

ಇಳಕಲ್, ಎಪ್ರಿಲ್ ೨೦೦೬

ಮಾನ್ಯರೇ,

ತಾವು ತೀರಿಕೊಂಡ ಮೂರೇ ವರ್ಷಕ್ಕೆ ಪುನರ್ಜನ್ಮ ಪಡೆದು, ಅಂಗೈಯಲ್ಲಿ ಹಿಡಿಸುವಷ್ಟು ಕಿರಿದಾಗಿ, ಟಿ.ವಿ.ಗೆ ವೈರು ಚುಚ್ಚಿದ ಕೂಡಲೇ ಮೂವತ್ತು ಆಟ ಆಡಿಸುವ ಸಾಮರ್ಥ್ಯದೊಡನೆ ನಮ್ಮ ಮನೆಗೆ ದಯಮಾಡಿಸಿದ್ದಕ್ಕೆ ನೇಕಾರ ಮುತ್ತುರಾಜನ ಮನೆಮಂದಿಯ ಸಾಷ್ಟಾಂಗ ನಮಸ್ಕಾರಗಳು. ‘ಅದೇ ಹಳೆಯ ಗೆಳೆಯ, ಎಲ್ಲವೂ ಮೊದಲಿನಂತೆ’ ಎಂದು ತಮ್ಮ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆಯಂತೆ. ನಂಬಿ ಹುಬ್ಬಳ್ಳಿಯಿಂದ ತರಿಸಿದ್ದು ನಮ್ಮದೇ ತಪ್ಪು.

ಹಿಂದಿನ ಜನ್ಮದಲ್ಲಿ ತಮಗೆ ಮೈತುಂಬ ಕೀಲಿಗಳಿದ್ದವು, ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಡಲು ಮಗ್ಗುಲಿಗೆ ಟೇಪ್‌ರಿಕಾರ್ಡರ್ ಜೋಡಿಸುವ ತೂತಿತ್ತು. ೧೯೯೭ರಲ್ಲಿ, ಬಾದಾಮಿಯ ರೇಡಿಯೋ ರಿಪೇರಿಯ ಸುಭಾನಸಾಬರ ಅಂಗಡಿಯಿಂದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು ಬಂದಿರಿ. ನಾನು ತಂದದ್ದು ಆಟಕ್ಕೇ. ಆದರೆ ಚೌಕ ಚೌಕ ತುಂಬಿ ಚಿತ್ರ ಬಿಡಿಸುವ ತಮ್ಮ ವಿದ್ಯೆ ಕಂಡ ನನ್ನ ಅಣ್ಣನ ಹೆಂಡತಿ ಶೇಖವ್ವ ಅತ್ತಿಗೆ, ‘ಅಯ್ಯ, ನಾವು ಸೆರಗಿಗೆ ಗೆರಿ ಹಾಕೂ ಹಾಳಿ ಇದs ಅಲ್ಲೇನೋ ತಮ್ಮಾ’ ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಕುಳಿತುಬಿಟ್ಟರು. ಮೂರು ವಾರ ಕುಳಿತು ಮಹಾಕೂಟದ ಗುಡಿಯ ಹೊಂಡ ಬರೆದರು: ಮೇಲಿನಿಂದ ಮೆಟ್ಟಿಲು, ಕೆಳಗೆ ನೀರು, ನೀರಿನೊಳಗೆ ಇನ್ನೂ ಏನೇನೋ. ಮಗಳು ಶೈಲಶ್ರೀಯ ಮದುವೆ ಸೀರೆಗೇ ಎಂದು, ಬೇರೆ ಯಾರಿಗೂ ನೇಯದೆ, ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಟ್ಟರು.

ಆರು ವರ್ಷದ ಮೇಲೆ ಕ್ಯಾಸೆಟ್ಟಿನ ಪಟ್ಟಿ ಹರಿಯಿತು. ಹರಿದದ್ದನ್ನು ಕೂಡಿಸುವುದು ನಮ್ಮ ಮನೆಯ ಕಸುಬೇ ಆಗಿರುವುದರಿಂದ ಅತ್ತಿಗೆ ಹಿಂದೆಮುಂದೆ ನೋಡದೆ ನೂಲಿಗೆ ಹಾಕುವ ಗಂಟನ್ನೇ ಅದಕ್ಕೂ ಹಾಕಿದರು. ಮಗ್ಗದಲ್ಲಿ ಆ ಗಂಟು ಎಲ್ಲಿಯೂ ತಡೆಯದೆ ದಾಟುತ್ತದೆ. ತಮ್ಮಲ್ಲಿ ದಾಟಲಿಲ್ಲ. ಟಿ.ವಿ.ಯಲ್ಲಿ ಮೆಟ್ಟಿಲು ಸಾಲುಸಾಲಾಗಿ ಇಳಿದು ಬಂದವು. ಇನ್ನೇನು ನೀರು ಬರಬೇಕು, ಗಂಟು ಬಂತು, ತಾವು ಕಿರ್ರೆಂದು ನಿಂತಿರಿ. ಕ್ಯಾಸೆಟ್ಟನ್ನು ಬಾದಾಮಿಗೆ ಒಯ್ದೆ. ‘ಯವ್ವಾ, ಇದಕ್ಕ ಗಂಟು ಹಾಕ್ತಾರೇನ್ರಿ? ತುದಿಗೆ ತುದಿ ಅಂಟಸಬೇಕ್ರಿ’ ಎಂದ ಸುಭಾನಸಾಬರು ಗಂಟು ಕತ್ತರಿಸಿ, ಅಂಟಿಸಿ ಕೊಟ್ಟರು. ಅದನ್ನು ಹಿಡಿದು ನಾನು ಬಾದಾಮಿಯಿಂದ ಮನೆ ಮುಟ್ಟುವಷ್ಟರಲ್ಲಿ ಸಿಡಿಲಿಗೆ ಸಿಕ್ಕ ತಾವು ಹೊಗೆ ಬಿಟ್ಟು ಕೈಲಾಸವಾಸಿಗಳಾಗಿದ್ದಿರಿ.

ಬರುವ ತಿಂಗಳು ಶೈಲಶ್ರೀಯ ಮದುವೆ. ಅತ್ತಿಗೆಯ ಕಣ್ಣಿಗೆ ಪೊರೆ ಬಂದು ಚೌಕ ಎಣಿಸಲು ಆಗುತ್ತಿಲ್ಲ, ನೀರಿನೊಳಗೆ ಏನೇನು ಬರೆದಿದ್ದರೆಂಬುದು ಅವರಿಗೇ ನೆನಪಿಲ್ಲ. ತಾವು ಬಂದಿರೆಂದು ಕೇಳಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದವರು, ತಮ್ಮನ್ನು ಹಿಂದೆಮುಂದೆಲ್ಲ ತಡವಿ, ‘ಇದಕ್ಕ ಕ್ಯಾಸೆಟ್ ಕೇಳಾಕ ಕಿವಿನs ಇಲ್ಲಲ್ಲೋ ತಮ್ಮಾ’ ಎಂದು ಅಲ್ಲೇ ಕುಳಿತುಬಿಟ್ಟರು. ನನಗೆ ಸಿಟ್ಟು ಬಂತು.

ಹಾಗೆಂದು ತಮ್ಮ ಜ್ಞಾಪಕಶಕ್ತಿಯನ್ನು ಹೊಗಳದಿದ್ದರೆ ನಾಲಿಗೆಗೆ ಹುಳ ಬಿದ್ದೀತು. ಯಾವುದೋ ದೇಶದ ಹುಡುಗರು ಯಾವ ಕಾಲದಲ್ಲೋ ಆಟದಲ್ಲಿ ಹೊಡೆದು ಹಾಕಿದ್ದ ರಾಕ್ಷಸರು ಒಬ್ಬರೂ ತಪ್ಪದೆ ತಮ್ಮೊಡನೆ ಮರಳಿ ಬಂದಿದ್ದಾರೆ, ಎಲ್ಲರೂ ಗುಂಡುಗಲ್ಲಿನಂತಿದ್ದಾರೆ. ಆದ್ದರಿಂದ ವಿನಂತಿಸುವುದೇನೆಂದರೆ, ತಾವು ಮದುವೆಯೊಳಗಾಗಿ ಒಂದು ಕಿವಿ ಚಿಗುರಿಸಿಕೊಳ್ಳಬೇಕು. ಆಗದಿದ್ದರೆ ಹಿಂದಿನ ಜನ್ಮಕ್ಕೆ ಐದು ನಿಮಿಷ ಹೋಗಿ ಬರಬೇಕು. ಅದೂ ಆಗದಿದ್ದರೆ ಆ ರಾಕ್ಷಸರಲ್ಲಿ ಇಬ್ಬರನ್ನಾದರೂ ಕೊಡ ಕೊಟ್ಟು ನಮ್ಮ ಹೊಂಡಕ್ಕೆ ನೀರು ಹೊರಲು ಕಳಿಸಬೇಕು.

ತಮ್ಮ ವಿಶ್ವಾಸಿ,
ಮೊದಲಿನಂತೆಯೇ ಉಳಿದಿರುವ
ಮುತ್ತುರಾಜ

ವಿ.ಸೂ.: ಪತ್ರ ಅಂಚೆಗೆ ಹಾಕುವುದರೊಳಗೆ ಸೀರೆ ಮಗ್ಗದಿಂದ ಇಳಿಯಿತು. ನೆನಪಿದ್ದಷ್ಟು ಮೆಟ್ಟಿಲು ನೇಯ್ದೆ, ಅವು ಮುಗಿದಲ್ಲಿಂದ ಮುಂದೆ ಬರಿಯ ಕೆಂಪು. ಗುಡೂರಿನ ಬೀಗಿತಿ ಸಿದ್ದಲಿಂಗವ್ವ ಸೆರಗು ಬಿಚ್ಚಿ ನೋಡಿ, ‘ಮೆಟ್ಟಲ ಅದಾವು, ನೀರೆಲ್ಲೈತ್ರಿ?’ ಎಂದು ಕೇಳಿದರು. ‘ಕ್ಯಾಸೆಟ್ಟಿನ್ಯಾಗ ಐತ್ರಿ, ಮಗಳ ಉಡಿಯೊಳಗ ಹಾಕಿ ಕಳಸ್ತೇನಿ’ ಎಂದರು ಅತ್ತಿಗೆ. ಮದುವೆಗೆ ತಾವೂ ಅವಶ್ಯ ಬರಬೇಕು. ದೊಡ್ಡವರ ಊಟ ಮುಗಿಯುವವರೆಗೆ ಕೂಸುಗಳನ್ನು ಆಡಿಸಲು ಒಬ್ಬರು ಬೇಕಾಗಿದ್ದಾರೆ.