ಅರಮನೆಯಿಂದ ಕೆನ್ನೆ ಹಿಡಿದು ಬಂದವರು

"ಅತ್ತೆ ಬರಲಿ! ಈ ಊರನ್ನ ಅಂಗೈ ಮೇಲೆ ಇಟ್ಟು ತೋರಿಸದೆ ಇದ್ರೆ ನನ್ನ ಹೆಸರು ಪಂಡಿತನೇ ಅಲ್ಲ!"

ಫೋನಿನಲ್ಲಿ ಹೀಗೆ ಗರ್ಜಿಸಿದವನ ಹೆಸರು ಹೇಗೂ ಪಂಡಿತ ಅಲ್ಲ. ಪರದೇಶಕ್ಕೆ ಓದಲು ಹೊರಟ ದಿನ ಮನೆಯವರು ಕೊಟ್ಟ ಬಿರುದು ಅದು. ಆದ್ದರಿಂದ ಶಪಥ ಮುರಿದರೂ ಅವನಿಗೆ ನಷ್ಟವಿರಲಿಲ್ಲ. ನಷ್ಟವಾಗುತ್ತಿದ್ದದ್ದು ತಂಗಿಗೆ.

ತಂಗಿಗೂ ಅದೇ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವಳು ಪೆಟ್ಟಿಗೆಯನ್ನು ಮಂಚದ ಕೆಳಗಿಂದ ಎಳೆದು, ಧೂಳು ಒರೆಸಿ, ಅದರ ಮೇಲೆಯೇ ಕೂತಿದ್ದಳು. ಆದರೆ ಅಪ್ಪ ಒಂದು ಷರತ್ತು ಹಾಕಿದ್ದರು. "ಮೊದಲು ಅಕ್ಕ ಹೋಗಿ ನೋಡ್ಕೊಂಡು ಬರಲಿ. ಇವನು ಅಲ್ಲಿ ಸರಿಯಾಗಿ ಇದಾನೆ ಅಂತ ಅವಳು ಹೇಳಿದ್ರೆ ಮಗಳನ್ನ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಅಪ್ಪನ ಅಕ್ಕ ಎಂದರೆ ಪಂಡಿತನ ಅತ್ತೆ. ಅತ್ತೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಕೂದಲು ನೆರೆಸಿಕೊಂಡವರು. ಗೋಡೆ ಹಾರಿ ಸಿನಿಮಾಕ್ಕೆ ಹೋದವಳನ್ನು ಚಪ್ಪಲಿಯ ಧೂಳು ನೋಡಿ ಹಿಡಿಯುತ್ತಿದ್ದರು. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕು, ಸುಳ್ಳು ಹೇಳದವರೂ ತಪ್ಪೊಪ್ಪಿಕೊಳ್ಳುತ್ತಿದ್ದರು.

"ಅಣ್ಣಾ, ನನ್ನ ಓದು ನಿನ್ನ ಕೈಲಿದೆ ಕಣೋ. ಸ್ವಲ್ಪ ದಿನ ಮನುಷ್ಯನ ಹಾಗೆ ಇರು," ಎಂದು ತಂಗಿ ಬೇಡಿಕೊಂಡಳು.

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ. ಆದ್ರೆ ಏನ್ ಮಾಡ್ಲಿ, ನಂಗೆ ಬೇರೆ ಅಣ್ಣ ಇಲ್ವಲ್ಲ!"

ಅವಳ ಭಯಕ್ಕೆ ಕಾರಣವಿತ್ತು. ಪಂಡಿತ ಮಹಾ ನಾಚಿಕೆಯ ಹುಡುಗ. ಆ ದೇಶದ ಭಾಷೆಯನ್ನು ಪುಸ್ತಕದಲ್ಲಿ ಸರಾಗವಾಗಿ ಓದುತ್ತಿದ್ದ. ಆದರೆ ಎದುರಿಗೆ ಒಬ್ಬ ಮನುಷ್ಯ ನಿಂತು ಅದನ್ನೇ ಮಾತಾಡಿದರೆ ಅವನ ನಾಲಿಗೆ ಅಂಟಿಕೊಳ್ಳುತ್ತಿತ್ತು. ಏನು ಕೇಳಿದರೂ ನಕ್ಕು ತಲೆಯಾಡಿಸಿಬಿಡುತ್ತಿದ್ದ. ಹೀಗೆ ತಲೆಯಾಡಿಸಿ ಒಮ್ಮೆ ಕ್ಷೌರದಂಗಡಿಯಿಂದ ತಲೆಯನ್ನು ಪೂರ್ತಿ ಬೋಳಿಸಿಕೊಂಡು ಬಂದದ್ದೂ ಉಂಟು. ದಾರಿ ಕೇಳಲು ಹೆದರಿ ಊರು ಸುತ್ತುವುದನ್ನೇ ಬಿಟ್ಟಿದ್ದ. ಅವನು ಕಂಡ ಪರದೇಶವೆಂದರೆ ಕಾಲೇಜು, ಕೋಣೆ ಮತ್ತು ಬಟ್ಟೆ ಒಗೆದುಕೊಳ್ಳಲು ಯಂತ್ರಗಳಿದ್ದ ಅಂಗಡಿ. ಅಷ್ಟೇ!

ಅಮ್ಮ ಮಾತ್ರ ಭಾನುವಾರ ಬಂದರೆ ಬಿಡುತ್ತಿರಲಿಲ್ಲ. "ಇವತ್ತು ಏನ್ ನೋಡ್ದೆ? ಫೋಟೋ ಕಳ್ಸು!" ಭಾನುವಾರ ಪಂಡಿತ ನೋಡುತ್ತಿದ್ದದ್ದು ಯಂತ್ರದ ಗಾಜಿನೊಳಗೆ ಗಿರಗಿರ ತಿರುಗುವ ತನ್ನದೇ ಬನಿಯನನ್ನು. ಆದರೆ ದೇವರು ದೊಡ್ಡವನು. ಅಂಗಡಿಯ ಎದುರಿಗೇ ಒಂದು ಭವ್ಯ ಕಟ್ಟಡ ಎದ್ದು ನಿಂತಿತ್ತು. ಮರದೆತ್ತರದ ಕಂಬಗಳು, ಗುಮ್ಮಟ, ಮೆಟ್ಟಿಲ ಎರಡೂ ಬದಿಗೆ ಬಾಯಿ ತೆರೆದ ಕಲ್ಲಿನ ಸಿಂಹಗಳು! ಊರಿನ ಹಲ್ಲಿನ ಆಸ್ಪತ್ರೆ ಅದು.

ಹಲ್ಲಿನ ಆಸ್ಪತ್ರೆ ಎಂದು ಸಾರಲು ಗೇಟಿನ ಮೇಲೆ ಎಮ್ಮೆಕರುವಿನ ಗಾತ್ರದ ದವಡೆ ಹಲ್ಲೊಂದನ್ನು ಕೂರಿಸಿದ್ದರು. ಪಂಡಿತ ಹಲ್ಲು ಮರೆಯಾಗುವ ಹಾಗೆ ಸರಿಯಾಗಿ ಅದರ ಮುಂದೆ ತಲೆ ತಂದು ನಿಂತು ಫೋಟೋ ತೆಗೆದುಕೊಂಡ. "ರಾಜರ ಅರಮನೆಯ ಮುಂದೆ ನಾನು" ಎಂದು ಬರೆದು ಕಳಿಸಿದ. ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಮುಂದಿನ ಭಾನುವಾರ ಕಟ್ಟಡದ ಬೆನ್ನು "ಹಳೇ ಕೋಟೆ" ಆಯಿತು. ಅದರ ಮುಂದಿನ ವಾರ ಎಡಪಕ್ಕ "ಮ್ಯೂಸಿಯಂ" ಆಯಿತು. ಬಲಪಕ್ಕದಲ್ಲಿ ಕಸದ ತೊಟ್ಟಿಗಳಿದ್ದವು. ಇಲ್ಲದಿದ್ದರೆ ಆ ಊರಿಗೆ ಒಂದು ಉದ್ಯಾನವನವೂ ದಕ್ಕುತ್ತಿತ್ತು.

ಅತ್ತೆ ಬಂದಿಳಿದರು. ಕೋಣೆಗೆ ಕಾಲಿಟ್ಟವರೇ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿಕೊಂಡರು. ದಿಂಬಿನ ಕೆಳಗೆ ಕೈ ಹಾಕಿ ಒಂಟಿ ಕಾಲುಚೀಲ ಹೊರತೆಗೆದರು. ಆಮೇಲೆ ತಮ್ಮ ಫೋನು ತೆಗೆದು ಫೋಟೋಗಳನ್ನು ಅವನ ಮುಖಕ್ಕೆ ಹಿಡಿದರು.

"ನಾಳೆ ಬೆಳಿಗ್ಗೆ ಇದೇ ಅರಮನೆ, ಇದೇ ಕೋಟೆ, ಇದೇ ಮ್ಯೂಸಿಯಂ. ಮೂರನ್ನೂ ತೋರ್ಸು."

"ಭಾನುವಾರ ಹೋಗೋಣ ಅತ್ತೆ, ಆಗ ಜನ ಇರಲ್ಲ."

"ಜನ ಇಲ್ದೆ ಇರೋ ಊರು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ನಾಳೆನೇ!"

ಪಂಡಿತ ರಾತ್ರಿಯೆಲ್ಲ ಲೆಕ್ಕ ಹಾಕಿದ. ಬೇರೆ ಯಾವುದಾದರೂ ಅರಮನೆ ತೋರಿಸೋಣವೆಂದರೆ ಅದು ಫೋಟೋದ ಹಾಗಿರುವುದಿಲ್ಲ. ನಿಜ ಹೇಳೋಣವೆಂದರೆ ತಂಗಿ ಪೆಟ್ಟಿಗೆಯ ಮೇಲೆ ಕೂತಿರುವುದು ಕಣ್ಮುಂದೆ ಬರುತ್ತದೆ. ಕೊನೆಗೆ ಅವನ ತಲೆಯಲ್ಲಿ ಒಂದು ಮಹಾ ಯೋಜನೆ ಹೊಳೆಯಿತು. ಪ್ರತಿ ಸಲವೂ ಬಸ್ಸು ಹತ್ತಿಸಿ, ಊರೆಲ್ಲ ಸುತ್ತಿಸಿ, ಅದೇ ಕಟ್ಟಡದ ಬೇರೆ ಪಕ್ಕಕ್ಕೆ ತಂದು ಇಳಿಸುವುದು! ಅತ್ತೆಗೆ ದಿಕ್ಕು ತಪ್ಪಿದರೆ ತಂಗಿಯ ದಾರಿ ತೆರೆಯುತ್ತದೆ.

ಮೊದಲು ಅರಮನೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗುಮ್ಮಟ ನೋಡಿದರು. ಪಂಡಿತ ಹಲ್ಲಿಗೆ ಅಡ್ಡವಾಗಿ ಛತ್ರಿ ಬಿಚ್ಚಿ ಹಿಡಿದುಕೊಂಡು ನಿಂತ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

"ಚೆನ್ನಾಗಿದೆ. ಆದ್ರೆ ಒಳಗಿಂದ ಬರೋರೆಲ್ಲ ಯಾಕೋ ಕೆನ್ನೆ ಹಿಡ್ಕೊಂಡು ಬರ್ತಿದಾರೆ?"

"ರಾಜನ ವೈಭವ ನೋಡಿ ಬೆರಗಾಗಿರ್ತಾರೆ ಅತ್ತೆ!"

"ಅಲ್ಲೊಬ್ಬ ಅಳ್ತಾ ಇದಾನಲ್ಲ?"

"ಅದು... ರಾಣಿ ಸತ್ತ ಕಥೆ ಕೇಳಿರ್ಬೇಕು. ತುಂಬಾ ಕರುಣಾಜನಕ."

"ಪಾಪ," ಎಂದರು ಅತ್ತೆ. "ಹೊಸದಾಗಿ ಸತ್ಲಾ?"

ಪಂಡಿತ ಬಸ್ಸಿನತ್ತ ಓಡಿದ. ಬಸ್ಸು ಸೇತುವೆ ದಾಟಿತು, ಮಾರುಕಟ್ಟೆ ದಾಟಿತು, ಅದೇ ಸೇತುವೆಯನ್ನು ಮತ್ತೆ ದಾಟಿತು. ಇಳಿದದ್ದು ಕೋಟೆಯಲ್ಲಿ. ಕೋಟೆಯ ನೆತ್ತಿಯಲ್ಲಿ ಒಂದು ಚಿಮಣಿ ಬೆಳ್ಳಗೆ ಹೊಗೆಯುಗುಳುತ್ತಿತ್ತು.

"ಅದು ಕಾವಲು ಗೋಪುರ," ಎಂದ ಪಂಡಿತ. "ಶತ್ರು ಬಂದ್ರೆ ಹೊಗೆ ಹಾಕಿ ಸುದ್ದಿ ಮುಟ್ಟಿಸ್ತಿದ್ರು."

"ಈಗ ಯಾರು ಬಂದಿದಾರೆ, ನಾನಾ?"

ಅಷ್ಟರಲ್ಲಿ ಗೋಡೆಯೊಳಗಿಂದ ಜುಂಯ್ ಎಂದು ಶಬ್ದ ಕೇಳಿತು. ಅತ್ತೆ ಕಿವಿಗೊಟ್ಟರು.

"ಏನೋ ಅದು?"

"ಜೀರ್ಣೋದ್ಧಾರ ಅತ್ತೆ! ಹಳೇದು ಶಿಥಿಲ ಆಗಿದ್ದನ್ನ ಕೊರೆದು, ಒಳಗೆ ಹೊಸದು ತುಂಬ್ತಾರೆ."

ಇಡೀ ದಿನದಲ್ಲಿ ಅವನು ಆಡಿದ ಒಂದೇ ಒಂದು ಸತ್ಯ ಅದು.

ಮತ್ತೆ ಬಸ್ಸು. ಅದೇ ಬಸ್ಸು, ಅದೇ ಡ್ರೈವರು! ಅವನು ಅತ್ತೆಯನ್ನು ನೋಡಿ ಮನೆಯವರ ಹಾಗೆ ಕೈ ಬೀಸಿದ. ಅತ್ತೆಯೂ ಬೀಸಿದರು. ಮೂರನೆಯ ತಾಣ ಮ್ಯೂಸಿಯಂ. ಇಲ್ಲಿ ಹೊರಗಿನಿಂದಲೇ ನಮಸ್ಕಾರ ಹಾಕಿಸಿ ಕೋಣೆಗೆ ಹೊರಡಿಸುವುದು ಪಂಡಿತನ ಲೆಕ್ಕಾಚಾರ. ಆದರೆ ಅತ್ತೆ ಸೀದಾ ಬಾಗಿಲು ತಳ್ಳಿದರು.

"ಒಳಗೆ ಹೋಗದೆ ಮ್ಯೂಸಿಯಂ ನೋಡೋದು ಹೇಗೋ? ನಡಿ! ಆದ್ರೆ ಟಿಕೆಟ್ ತಗೊಂಡೇ ಹೋಗ್ಬೇಕು. ಟಿಕೆಟ್ ಇಲ್ದೆ ನುಗ್ಗಿದ್ರೆ ನಮ್ಮ ಹಾಸ್ಟೆಲ್ ಹುಡುಗೀರಿಗೆ ಯಾವ ಮುಖ ಇಟ್ಕೊಂಡು ಬೈಲಿ?"

ಬಾಗಿಲ ಬಳಿ ರೋಗಿಗಳಿಗೆ ಟೋಕನ್ ಕೊಡುವ ಯಂತ್ರವಿತ್ತು. ಅತ್ತೆ ಅದರ ಗುಂಡಿ ಒತ್ತಿದರು. ಕಿರ್ರೆಂದು ಒಂದು ಚೀಟಿ ನಾಲಿಗೆ ಚಾಚಿತು.

"ನೋಡು, ಎಷ್ಟು ಸುಲಭ! ಹಿಡ್ಕೋ, ಕನ್ನಡಕ ಒರೆಸ್ಕೋತೀನಿ."

ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ನಗುತ್ತಿದ್ದವು.

"ಇವು ಯಾರ್ದೋ?"

"ರಾಜವಂಶದ್ದು," ಎಂದ ಪಂಡಿತ. "ಇದು ರಾಜ, ಇದು ರಾಣಿ, ಇದು... ಸೇನಾಧಿಪತಿ."

"ರಾಣಿಗೆ ಹುಳುಕು ಹಲ್ಲಿತ್ತಾ?"

ಆ ಹೊತ್ತಿಗೆ ಟಿಣ್ ಎಂದು ಗಂಟೆ ಬಡಿಯಿತು. ಬಿಳಿಯಂಗಿಯ ನರ್ಸ್ ಒಬ್ಬಳು ಬಂದು ಪಂಡಿತನ ಕೈಯಲ್ಲಿದ್ದ ಚೀಟಿ ನೋಡಿ ಏನೋ ಕೇಳಿದಳು. ಪಂಡಿತ ಏನು ಮಾಡಿದ? ನಕ್ಕು ತಲೆಯಾಡಿಸಿದ! ಅವಳು ತೋಳು ಹಿಡಿದು ಕರೆದುಕೊಂಡು ಹೊರಟಳು.

"ಎಲ್ಲಿಗೋ?" ಅತ್ತೆ ಕೂಗಿದರು.

ಅಲ್ಲೇ ನಿಂತು ನಿಜ ಒದರಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ತಂಗಿ! ಪೆಟ್ಟಿಗೆ! "ವಿಶೇಷ ದರ್ಶನ ಅತ್ತೆ! ಒಬ್ಬೊಬ್ಬರನ್ನೇ ಬಿಡ್ತಾರೆ!"

"ಹೋಗ್ಬಾ, ಹೋಗ್ಬಾ. ಕಣ್ತುಂಬ ನೋಡ್ಕೊಂಡು ಬಾ."

ಪಂಡಿತ ಸಿಂಹಾಸನವೇರಿದ. ಸಿಂಹಾಸನ ತಾನಾಗಿಯೇ ಹಿಂದಕ್ಕೆ ಮಲಗಿತು. ನೆತ್ತಿಯ ಮೇಲೆ ದೀಪ ಬೆಳಗಿತು. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರು. ನೋವೇ ಇಲ್ಲ ಎನ್ನಲು ಪಂಡಿತ ಬಾಯಿ ತೆರೆದ. ತೆರೆದದ್ದೇ ತಡ, ಕನ್ನಡಿ ಒಳಗೆ ಹೋಯಿತು! ಡಾಕ್ಟರ ಮುಖ ಅರಳಿತು. ಅಂಥ ವಕ್ರವಾದ ದವಡೆ ಹಲ್ಲನ್ನು ಅವರು ಪುಸ್ತಕದಲ್ಲಿ ಮಾತ್ರ ಕಂಡಿದ್ದಿರಬೇಕು. ಚಪ್ಪಾಳೆ ತಟ್ಟಿ ಕಲಿಯುವ ಹುಡುಗ ಹುಡುಗಿಯರನ್ನು ಕರೆದರು. ಅವರು ಸಾಲಾಗಿ ಬಂದು, ಬಗ್ಗಿ, ನೋಡಿ, ಉದ್ಗಾರ ತೆಗೆದು, ಮುಂದೆ ಸರಿದರು. ಹಿಂದಿದ್ದವರು ಕಾಲ್ತುದಿಯ ಮೇಲೆ ನಿಂತು ಇಣುಕಿದರು. ಒಬ್ಬ ಫೋಟೋ ತೆಗೆದುಕೊಂಡ. ಅಂದು ಆ ಕಟ್ಟಡದಲ್ಲಿ ಪ್ರೇಕ್ಷಣೀಯ ಸ್ಥಳ ಎಂಬುದೇನಾದರೂ ಇದ್ದರೆ ಅದು ಪಂಡಿತನ ಬಾಯಿ!

ಕೊನೆಗೆ ಡಾಕ್ಟರು ಬಹಳ ವಿನಯದಿಂದ ಇನ್ನೊಂದು ಪ್ರಶ್ನೆ ಕೇಳಿದರು. ಪಂಡಿತ ಬಹಳ ವಿನಯದಿಂದ ತಲೆಯಾಡಿಸಿದ. ಆಗ ಸೂಜಿ ಬಂತು. ಸೂಜಿಯ ಹಿಂದೆ ಇಕ್ಕಳ ಬಂತು.

ಹೊರಗೆ ಬಂದಾಗ ಅವನ ಅರ್ಧ ಮುಖ ಅವನದಾಗಿರಲಿಲ್ಲ. ಹತ್ತಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಿದ್ದ. ಕಣ್ಣಲ್ಲಿ ನೀರು.

ಅತ್ತೆ ಬೆಂಚಿನಿಂದ ಎದ್ದರು. "ಏನೋ, ನೀನೂ ಕೆನ್ನೆ ಹಿಡ್ಕೊಂಡೆ? ವೈಭವ ಅಷ್ಟೊಂದಿತ್ತಾ, ಇಲ್ಲ ರಾಣಿ ನೆನಪಾದ್ಲಾ?"

"ಬ್ಬೆ," ಎಂದ ಪಂಡಿತ.

ಆಗಲೇ ಅಪ್ಪನ ವಿಡಿಯೋ ಕರೆ ಬರಬೇಕೇ! ಪರದೆಯ ಮೇಲೆ ಅಪ್ಪ, ಅಪ್ಪನ ಭುಜದ ಮೇಲೆ ತಂಗಿಯ ಗಾಬರಿ ಬಿದ್ದ ಕಣ್ಣುಗಳು.

"ಏನೋ, ಅತ್ತೆಗೆ ಊರು ತೋರಿಸ್ದ್ಯಾ?"

"ಅಬ್ಬಾ... ಬಬ್ಬೆ... ಬೆಬ್ಬಬ್ಬ," ಎಂದು ಪಂಡಿತ ವಿವರಿಸಿದ. ಜೊಲ್ಲು ಇಳಿಯಿತು. ಅತ್ತೆ ಸೆರಗಿನಿಂದ ಅವನ ಗಲ್ಲ ಒರೆಸಿ ಫೋನು ಕಸಿದುಕೊಂಡರು.

"ಅವನು ಮಾತಾಡೋ ಸ್ಥಿತೀಲಿ ಇಲ್ಲ ತಮ್ಮ, ನಾನು ಹೇಳ್ತೀನಿ. ನಾವೀಗ ಹಲ್ಲಾಸ್ಪತ್ರೇಲಿ ಇದೀವಿ. ಬೆಳಿಗ್ಗೆಯಿಂದ ಇಲ್ಲೇ ಇದೀವಿ. ಮುಂದಿನಿಂದ ನೋಡಿದ್ರೆ ಅರಮನೆ, ಹಿಂದಿನಿಂದ ಕೋಟೆ. ಇವನು ಬಸ್ಸಲ್ಲಿ ಸುತ್ತಿಸಿ ಸುತ್ತಿಸಿ ಇಲ್ಲಿಗೇ ತಂದು ಬಿಡ್ತಿದ್ದ. ಕೆನ್ನೆ ಊದಿದವರು ಇಷ್ಟು ಜನ ಎದುರಿಗೆ ಓಡಾಡ್ತಿದ್ರೆ ಗೊತ್ತಾಗ್ದೆ ಇರೋಕೆ ನನಗೇನು ಕಣ್ಣಿಲ್ವಾ? ಎಲ್ಲಿವರೆಗೂ ಹೋಗ್ತಾನೋ ನೋಡೋಣ ಅಂತ ಸುಮ್ನಿದ್ದೆ. ಹಲ್ಲು ಕೀಳಿಸ್ಕೊಳ್ಳೋವರೆಗೂ ಹೋದ."

ತಂಗಿಯ ಮುಖ ಬಾಡಿ ಪರದೆಯ ಅಂಚಿಗೆ ಜಾರಿತು. ಪಂಡಿತ ಕೆನ್ನೆ ಬಿಟ್ಟು ತಲೆ ಹಿಡಿದುಕೊಂಡ. ಹಲ್ಲು ಹೋದದ್ದಲ್ಲದೆ ತಂಗಿಯ ಸೀಟೂ ಹೋಯಿತಲ್ಲ!

ಅಪ್ಪ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಮಗಳನ್ನ ಕಳಿಸೋದು ಬೇಡ ಅಂತೀಯಾ ಅಕ್ಕ?"

"ಬೇಡ ಅಂದವರು ಯಾರು?" ಅತ್ತೆ ಗದರಿದರು. "ಮೊದಲು ಅವಳನ್ನ ಕಳ್ಸು! ದಾರಿ ಕೇಳೋಕೆ ಬಾಯಿಲ್ಲ, ಬೇಡ ಅನ್ನೋಕೆ ನಾಚಿಕೆ, ಕೇಳಿದವರಿಗೆಲ್ಲ ಹಲ್ಲು ಕೊಟ್ಟು ಬರೋ ಕೂಸು ಇದು. ಇಷ್ಟು ದೂರದಲ್ಲಿ ಒಂಟಿಯಾಗಿ ಬಿಡೋಕಾಗುತ್ತಾ? ಮನೇಲಿ ದೊಡ್ಡವರು ಅಂತ ಒಬ್ಬರು ಬೇಡ್ವಾ?"

ತಂಗಿಯ ಮುಖ ಪರದೆಯ ತುಂಬ ಎದ್ದು ಬಂತು. "ನೀವು ನಿಶ್ಚಿಂತೆಯಾಗಿರಿ ಅತ್ತೆ! ಅವನನ್ನ ನಾನು ನೋಡ್ಕೋತೀನಿ!"

ನಾನು ಇವಳಿಗೆ ಅಣ್ಣ, ಇವಳನ್ನು ನೋಡಿಕೊಳ್ಳಬೇಕಾದವನು ನಾನು ಎಂದು ಪಂಡಿತ ಎದೆಯುಬ್ಬಿಸಿ, ಕೈಯೆತ್ತಿ, ಪೂರ್ತಿ ಉಸಿರೆಳೆದು ಘೋಷಿಸಿದ. "ಬ್ಬೆ!"

"ಒಪ್ಪಿದ," ಎಂದರು ಅತ್ತೆ.