ನಂದೀಶ್ವರಯ್ಯನ ಮೊದಲ ಬಿನ್ನವತ್ತಳೆ

ತಪ್ಪೆಲ್ಲ ಓಬಳಪ್ಪ ಮೇಷ್ಟರ ಉತ್ಸಾಹದ್ದು. ಪಾವಗಡದ ಮೂವರು ಬರಹಗಾರರು ಒಂದು ಗುರುವಾರ ಸಂಜೆ ಗಂಗಣ್ಣನ ಪ್ರೆಸ್ಸಿನ ಜಗಲಿಯ ಮೇಲೆ ಸೇರಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ, ಮೇಷ್ಟರು ಇದ್ದಕ್ಕಿದ್ದಂತೆ ಎದ್ದುನಿಂತು ಠರಾವು ಮಂಡಿಸಿದರು.

"ನೋಡ್ರಪ್ಪಾ, ಬರ್ದಿದ್ದನ್ನೇ ಬರ್ದೂ ಬರ್ದೂ ನಾವು ಗಾಣದೆತ್ತು ಆಗೋಗಿದೀವಿ. ಈ ವಾರ ಒಬ್ಬೊಬ್ರೂ ತಮಗೆ ಬರದೇ ಇರೋದನ್ನ ಬರೀಬೇಕು. ಅಷ್ಟೇ!"

ಠರಾವು ಪಾಸಾಯಿತು. ಆಸ್ಪತ್ರೆಯ ನರ್ಸ್ ಹೊನ್ನಕ್ಕ ಇಪ್ಪತ್ತು ವರ್ಷದಿಂದ ಲಾಲಿ ಹಾಡು ಬರೆಯುತ್ತಿದ್ದವರು. ಅವರ ಪಾಲಿಗೆ ಪತ್ತೇದಾರಿ ಕಾದಂಬರಿ ಬಂತು. ಅದರ ಕೊಲೆಗಾರ ಎರಡನೇ ಪುಟದಲ್ಲೇ ನಿದ್ದೆಹೋದ, ಆ ಮಾತು ಬೇರೆ. ತಾಲ್ಲೂಕಿನಿಂದ ಯಾವ ಅಧಿಕಾರಿ ವರ್ಗವಾಗಿ ಹೋದರೂ ಬಿನ್ನವತ್ತಳೆ ಬರೆಯುತ್ತಿದ್ದ ಓಬಳಪ್ಪ ಮೇಷ್ಟರಿಗೆ ಚರಮಗೀತೆ. ಚರಮಗೀತೆ ಬಿಟ್ಟು ಇನ್ನೇನೂ ಬರೆದರಿಯದ ಗುಮಾಸ್ತ ನಂದೀಶ್ವರಯ್ಯನಿಗೆ ಬಿನ್ನವತ್ತಳೆ.

ನಂದೀಶ್ವರಯ್ಯ ಬೆಚ್ಚಿಬಿದ್ದ. ಊರಲ್ಲಿ ಯಾರು ತೀರಿಕೊಂಡರೂ ತಿಥಿ ಊಟದ ಎಲೆ ಹಾಕುವ ಮೊದಲು ಅವನಿಂದ ಚರಮಗೀತೆ ಓದಿಸುವುದು ವಾಡಿಕೆ. ಅವನು ಓದಿದರೆ ಸತ್ತವರ ಮೇಲೆ ದಾವೆ ಹೂಡಿದ್ದವರೂ ಅತ್ತುಬಿಡುತ್ತಿದ್ದರು. ಕಾಯಿಲೆಯವರನ್ನು ನೋಡಿಬರೋಣವೆಂದು ಹೋದರೆ ಮಾತ್ರ ಮನೆಯವರು ಬಾಗಿಲಿಗೆ ಅಡ್ಡ ನಿಂತು, "ಈಗ ವಾಸಿ ಕಣ್ರೀ, ನೀವೇನ್ ಬರೋದ್ ಬ್ಯಾಡ" ಎನ್ನುತ್ತಿದ್ದರು.

"ಬದುಕಿರೋರ ಮ್ಯಾಲೆ ನಾನು ಬರ್ದೇ ಇಲ್ಲ ಮೇಷ್ಟ್ರೇ" ಎಂದ.

"ಅದಕ್ಕೇ ಬರಿ ಅನ್ನೋದು. ನಿಂಗೇ ಒಳ್ಳೇದು ಕಣಯ್ಯಾ. ಶನಿವಾರ ನಿಮ್ಮ ಸಾಹೇಬ್ರ ಬೀಳ್ಕೊಡುಗೆ ಅಲ್ವಾ? ಓದಿ ಮನಸ್ಸು ಕರಗ್ಸು, ಆಮೇಲೆ ಅರ್ಜಿ ಮುಂದಿಕ್ಕು."

ಅರ್ಜಿ ಎಂದ ಕೂಡಲೆ ನಂದೀಶ್ವರಯ್ಯ ಒಪ್ಪಿಕೊಂಡ. ಅವನ ಹೆಂಡತಿ ಬಸವಮ್ಮ ಕೊರಟಗೆರೆಯ ಶಾಲೆಯಲ್ಲಿ ಟೀಚರು. ಐದು ವರ್ಷದಿಂದ ಅವನು ಪಾವಗಡದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸೀಮೆಎಣ್ಣೆ ಸ್ಟೌ ಪಂಪು ಹೊಡೆಯುತ್ತ, ವಾರಕ್ಕೊಮ್ಮೆ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುತ್ತಿದ್ದ. ಹೋದ ವಾರ ನಾಲ್ಕು ವರ್ಷದ ಮಗಳು ಬಾಗಿಲು ತೆಗೆದು, "ಅಮ್ಮಾ, ಶನಿವಾರದೋರು ಬಂದ್ರು!" ಎಂದು ಕೂಗಿದ್ದಳು. ಬಸವಮ್ಮ ನಕ್ಕಳು. ಅವನು ಮಾತ್ರ ಅಂದು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ.

ಕೊರಟಗೆರೆಗೆ ವರ್ಗ ಕೇಳಿ ಬರೆದ ಅರ್ಜಿಯನ್ನು ಸಾಹೇಬರಾದ ವೆಂಕಟರಾಮಯ್ಯನವರು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ನಗುವುದಕ್ಕೂ ಮೇಲಿನವರ ಅಪ್ಪಣೆ ಬೇಕು ಎನ್ನುವಂಥ ಮನುಷ್ಯ. ಅವರು ಸಿರಾಕ್ಕೆ ಹೊರಡುವ ಮೊದಲು ಶಿಫಾರಸು ಬಿದ್ದರೆ ಬಿತ್ತು. ಹೊಸಬರು ಬಂದರೆ ಎಲ್ಲ ಮತ್ತೆ ಮೊದಲಿನಿಂದ.

ಶನಿವಾರ ಬೆಳಿಗ್ಗೆ ಅವನು ಬರೆದು ತಂದದ್ದನ್ನು ಓದಿ ಮೇಷ್ಟರು ಹಣೆ ಒತ್ತಿಕೊಂಡರು.

"ಏಮಯ್ಯಾ, 'ಸಾಹೇಬರ ಆತ್ಮಕ್ಕೆ ಶಾಂತಿ ಸಿಗಲಿ' ಅಂತ ಬರ್ದಿದೀಯಲ್ಲಾ! ಆವಯ್ಯ ಸಿರಾಕ್ಕೆ ಹೋಗ್ತಾವ್ರೆ, ಸ್ವರ್ಗಕ್ಕಲ್ಲ."

"ಕೈ ತಾನಾಗೇ ಬರ್ದ್ಬುಡ್ತು ಮೇಷ್ಟ್ರೇ."

ಆ ಸಾಲನ್ನು ಹೊಡೆದುಹಾಕಿದರು. "ಮಿಕ್ಕಿದ್ದು ಇರ್ಲಿ ಬುಡಿ ಅಣ್ಣಾ, ಎದೆಗೆ ನಾಟ್ತೈತೆ" ಎಂದು ಹೊನ್ನಕ್ಕ ಧೈರ್ಯ ತುಂಬಿದರು.

ಮಧ್ಯಾಹ್ನ ಪ್ರೆಸ್ಸಿಗೆ ಹೋದರೆ ಬಿನ್ನವತ್ತಳೆಯ ಸುತ್ತ ಬೆರಳಗಲದ ಕಪ್ಪು ಅಂಚು! "ಕೆಳಗೆ ನಿಮ್ಮ ಹೆಸರು ನೋಡ್ದೆ, ಯಾರೋ ಹೋಗ್ಬುಟ್ರು ಅಂದ್ಕಂಡೆ" ಎಂದು ಗಂಗಣ್ಣ ತಲೆ ಕೆರೆದುಕೊಂಡ. ಇನ್ನೊಮ್ಮೆ ಅಚ್ಚು ಹಾಕೋಣವೆಂದರೆ ಹೊತ್ತಿಲ್ಲ. ಹೊನ್ನಕ್ಕ ತಮ್ಮ ಹಳೆಯ ಸೀರೆಯ ಜರಿ ಕತ್ತರಿಸಿ ತಂದು ಅಂಚಿನ ಮೇಲೆ ಅಂಟಿಸಿದರು. ಅಂಟು ಆರುವ ಮೊದಲೇ ಗಾಜು ಕೂರಿಸಿ, ಮೂವರೂ ಕಚೇರಿಗೆ ಓಡಿದರು.

ಕಚೇರಿಯವರೆಲ್ಲ ಹಬ್ಬಕ್ಕೆ ಬಂದವರ ಹಾಗೆ ಕೂತಿದ್ದರು. ಸಾಹೇಬರು ತೊಲಗುವ ಸಂತೋಷಕ್ಕೆ ಮೈಸೂರು ಪಾಕ್ ಕೂಡ ಬಂದಿತ್ತು. ನಂದೀಶ್ವರಯ್ಯ ಎದ್ದು ಓದಲು ಶುರುಮಾಡಿದ. ಅವನಿಗೆ ಗೊತ್ತಿದ್ದದ್ದು ಒಂದೇ ರಾಗ. ತಲೆ ತಗ್ಗಿಸಿ, ಒಂದೊಂದೇ ಪದವನ್ನು ಚಟ್ಟ ಇಳಿಸಿದಷ್ಟು ಮೆಲ್ಲಗೆ ಇಳಿಸಿದ. "ಇನ್ನಾರು ಗತಿ ನಮ್ಮ ಕಡತಗಳಿಗೆ? ನೀವಿಲ್ಲದ ಕುರ್ಚಿಯ ನೋಡಲೆಂತು?" ಎನ್ನುವ ಹೊತ್ತಿಗೆ ಮಗಳ ನೆನಪಾಗಿ ದನಿ ನಿಜವಾಗಿಯೂ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಟೈಪಿಸ್ಟ್ ಸಿದ್ದಗಂಗಮ್ಮ ಸೆರಗು ಕಣ್ಣಿಗೊತ್ತಿದಳು. ಸಾಹೇಬರ ಕೈಲಿ ಬೈಸಿಕೊಳ್ಳದ ದಿನವಿಲ್ಲ ಅವಳಿಗೆ.

ಓದು ಮುಗಿಯಿತು. ಅಭ್ಯಾಸಬಲ ನೋಡಿ, ನಂದೀಶ್ವರಯ್ಯ ಓದಿ ಮುಗಿಸಿದ ಅಂದಮೇಲೆ ಸಭೆಗೆ ಸಭೆಯೇ ಎದ್ದು ತಲೆ ತಗ್ಗಿಸಿ ಒಂದು ನಿಮಿಷ ಮೌನವಾಗಿ ನಿಂತಿತು. ಯಾರಿಗೆಂದು ತಿಳಿಯದೆ ಸಾಹೇಬರೂ ನಿಂತರು.

ಅವರು ಮಾತಿಗೆ ಬಂದಾಗ ಕೆನ್ನೆ ಒದ್ದೆಯಾಗಿತ್ತು. "ಇಪ್ಪತ್ತೆಂಟು ವರ್ಷ ಸರ್ವೀಸಲ್ಲಿ ನನಗೋಸ್ಕರ ಯಾರೂ ಅತ್ತಿಲ್ಲ ಕಣ್ರೀ. ಈ ಊರಿಗೆ ನಾನು ಬ್ಯಾಡ ಅಂದ್ಕೊಂಡು ನಾನೇ ವರ್ಗ ಕೇಳಿದ್ದೆ. ಇಂಥ ಪ್ರೀತಿ ಬಿಟ್ಟು ಹೆಂಗೆ ಹೋಗ್ಲಿ? ಸೋಮವಾರವೇ ತುಮಕೂರಿಗೆ ಹೋಗಿ ಆರ್ಡರ್ ರದ್ದು ಮಾಡಿಸ್ಕೊಂಡು ಬರ್ತೀನಿ. ರಿಟೈರ್ ಆಗೋಗಂಟ ಇಲ್ಲೇ!"

ಚಪ್ಪಾಳೆ ಬೀಳಲಿಲ್ಲ. "ಅಯ್ಯೋ ಶಿವನೇ" ಎಂದಿತು ಹಿಂದಿನ ಸಾಲು. ಸಿದ್ದಗಂಗಮ್ಮ ಮತ್ತೆ ಅತ್ತಳು. ಈ ಸಲದ ಅಳುವಿಗೆ ಪದ್ಯದ ನೆರವು ಬೇಕಾಗಲಿಲ್ಲ. ಇಡೀ ಕಚೇರಿ ತನ್ನನ್ನೇ ನೋಡುತ್ತಿರುವುದು ನಂದೀಶ್ವರಯ್ಯನಿಗೆ ಬೆನ್ನಿನಲ್ಲೇ ತಿಳಿಯಿತು.

"ಹೋದ್ರೆ ಹೋಗ್ಲಿ" ಎಂದು ಮೇಷ್ಟರು ಅವನನ್ನು ಸಾಹೇಬರ ಕೋಣೆಯ ಕಡೆ ನೂಕಿದರು. "ಮನುಷ್ಯ ಬೆಣ್ಣೆ ಆಗವ್ರೆ. ಗಟ್ಟಿ ಆಗೋಕ್ ಮುಂಚೆ ನುಗ್ಗು!"

ಅದೂ ನಿಜವೇ. ಸಾಹೇಬರು ಇದ್ದರೇನು, ಹೋದರೇನು, ತಾನು ಹೋದರೆ ಸಾಕು. ಇನ್ನು ಸೋಮವಾರ ಬೆಳಿಗ್ಗೆಯೂ ಬಸ್ಸು ಹಿಡಿಯದೆ, ಮಗಳ ಜಡೆ ಹೆಣೆಯುವುದನ್ನು ಮನೆಯಲ್ಲೇ ಕೂತು ನೋಡಬಹುದು. ಒಳಗೆ ಹೋಗಿ ಅರ್ಜಿಯನ್ನು ಮೇಜಿನ ಮೇಲಿಟ್ಟ.

ಸಾಹೇಬರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಪೆನ್ನು ತೆಗೆದು ಅರ್ಜಿಯ ಅಂಚಿನಲ್ಲಿ ಏನೋ ಗೀಚಿದರು, ಹೊಡೆದುಹಾಕಿದರು, ಮೇಲೆ ನೋಡಿ ಬೆರಳು ಮಡಿಚಿ ಮಾತ್ರೆ ಎಣಿಸಿದರು, ಮತ್ತೆ ಬರೆದರು. ಕಾಲು ಗಂಟೆ ಕಳೆಯಿತು. ಮಧುಗಿರಿ ಬಸ್ಸಿನ ಹಾರನ್ನು ಕೇಳಿಸಿ, ದೂರವಾಯಿತು.

ಕೊನೆಗೆ ಮದುವಣಗಿತ್ತಿಯ ಹಾಗೆ ನಾಚುತ್ತ ಹಾಳೆಯನ್ನು ಮುಂದಕ್ಕೆ ತಳ್ಳಿದರು. ನಂದೀಶ್ವರಯ್ಯ ಓದಿದ:

ನಂದೀಶನೇ, ನೀ ಹೋದರೆ ನನಗಾರು ದಿಕ್ಕು?
ಕೊರಟಗೆರೆಗಿಂತ ನಿನ್ನ ಮೇಲೆ ಪಾವಗಡಕೇ ಹಕ್ಕು.
ಆದಕಾರಣ ನಿನ್ನರ್ಜಿಯ ಕೂಲಂಕಷ ಪರಿಶೀಲಿಸಿ
ಇಟ್ಟುಕೊಂಡೆನು ನಿನ್ನನಿಲ್ಲೇ, ಅದನು ತಿರಸ್ಕರಿಸಿ.

ಕೆಳಗೆ ಸಹಿ, ತಾರೀಖು, ಕಚೇರಿಯ ಮೊಹರು.

"ಹುಟ್ಟಿದಾಗಿಂದ ಒಂದು ಪದ್ಯ ಬರ್ದಿರ್ಲಿಲ್ಲ ಕಣ್ರೀ" ಎಂದರು ಸಾಹೇಬರು. ಆ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. "ನಿಮ್ಮದು ಕೇಳಿದ ಮೇಲೆ ಧೈರ್ಯ ಬಂತು. ಸಂಕೋಚ ಬ್ಯಾಡ, ಹೇಳಿ, ಹೆಂಗಿದೆ?"

ನಂದೀಶ್ವರಯ್ಯ ಇನ್ನೊಮ್ಮೆ ಓದಿದ. ಪ್ರಾಸ ಸರಿಯಾಗಿ ಕೂತಿತ್ತು.

"ಚೆನ್ನಾಗೈತೆ ಸಾರ್" ಎಂದ. "ಮುಂದುವರಿಸಿ."