ಹಂಡೆಗೆ ಸಾಹೇಬರು ಏರಿಸಿದ ಬೆಲೆ

ಹೆಂಡತಿ ಸೂರಮ್ಮ ಮಿಕ್ಸಿ ಬೇಕೆಂದು ಹಟ ಹಿಡಿದಿದ್ದರಿಂದ, ಸಿದ್ದಾಪುರದ ಕಾಟಪ್ಪ ಬಚ್ಚಲಲ್ಲಿದ್ದ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಮಾರಲು ಚೀಲದಲ್ಲಿ ಕಟ್ಟಿಕೊಂಡು ಚಳ್ಳಕೆರೆ ಬಸ್ಸು ಹತ್ತಿದ. ಮಿಕ್ಸಿ ಇಲ್ಲದೆ ಊರಿಗೆ ಬರಬೇಡ ಎಂದು ಅವಳು ಹೇಳಿಯೇ ಕಳಿಸಿದ್ದಳು. ಕಂಡಕ್ಟರು ಹಂಡೆಗೂ ಒಂದು ಟಿಕೆಟ್ಟು ಹರಿದ.

ಪೇಟೆಯಲ್ಲಿ ಮಸೀದಿ ಕಮಿಟಿಯವರದೊಂದು ಹಳೆ ಸಾಮಾನಿನ ಅಂಗಡಿ. ಅದರ ಲಾಭ ಬಡಮಕ್ಕಳ ಓದಿಗೆ ಹೋಗುತ್ತಿತ್ತು. ಅಂಗಡಿ ನೋಡಿಕೊಳ್ಳುತ್ತಿದ್ದ ಹುಸೇನ್‌ಪೀರ್ ಸಾಹೇಬರು ಹಂಡೆಯನ್ನು ಸುತ್ತ ಸವರಿ ನೋಡಿ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಕಾಟಪ್ಪ ಎರಡು ಸಾವಿರ ಎಂದ. ಅವರು ಸಾವಿರ ಅನ್ನುವುದು, ತಾನು ಎದ್ದು ಹೊರಟಂತೆ ಮಾಡುವುದು, ಅವರು ಕೂಗಿ ಕರೆಯುವುದು, ನಡುವೆ ಎಲ್ಲೋ ಒಂದು ಕಡೆ ಮಾತು ನಿಲ್ಲುವುದು. ಇದನ್ನೆಲ್ಲ ಅವನು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದ.

"ಎರಡು ಕಮ್ಮಿ ಆಯ್ತು," ಎಂದರು ಸಾಹೇಬರು. "ಕೈಯಲ್ಲಿ ಬಡಿದು ಮಾಡಿದ್ದು ಇದು. ನಾಲ್ಕು ಸಾವಿರ ಕೊಡ್ತೀನಿ."

ಕಾಟಪ್ಪನಿಗೆ ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲು ಇಳಿದಂತಾಯಿತು. ರೂಢಿಯ ಬಲದಿಂದ ಎದ್ದು ನಿಂತ. ಏನಾದರೂ ಚೌಕಾಸಿ ಮಾಡಬೇಕಲ್ಲ ಎಂದು, "ಅಷ್ಟಾಗಲ್ಲ ಸಾಹೇಬ್ರೆ, ಎರಡೂವರೆ ಮಾಡ್ಕಳ್ರಿ," ಎಂದ.

"ಬೆಲೆ ಗೊತ್ತಿಲ್ಲದೋರ ಹತ್ರ ಕಮ್ಮಿಗೆ ತಗಂಡ್ರೆ ನಮಗದು ಹರಾಮ್, ಯಜಮಾನ್ರೆ. ನಾಲ್ಕಕ್ಕಾದ್ರೆ ಕೊಡ್ರಿ, ಇಲ್ದಿದ್ರೆ ಬ್ಯಾಡ."

ಸ್ವಲ್ಪ ಚಾ ಕುಡಿದು ಬರುತ್ತೇನೆಂದು ಕಾಟಪ್ಪ ಹಂಡೆ ಎತ್ತಿಕೊಂಡು ಹೊರಬಿದ್ದ. ಚಾ ಅಂಗಡಿಯ ಪಾಪಕ್ಕ, ಅಲ್ಲೇ ಕೂತಿದ್ದ ಅವನದೇ ಊರಿನ ಆಟೋ ವೀರೇಶ, ಇಬ್ಬರೂ ವಿಷಯ ಕೇಳಿ ಚಾ ಆರಲು ಬಿಟ್ಟರು. ತಗೊಳ್ಳುವವನೇ ಬೆಲೆ ಏರಿಸಿದ್ದನ್ನು ಚಳ್ಳಕೆರೆ ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ.

"ಮಾವ, ಇದರೊಳಗೆ ಏನೋ ಐತೆ. ಅದು ಆ ಸಾಬ್ರಿಗೆ ಗೊತ್ತೈತೆ," ಎಂದ ವೀರೇಶ.

ಪಾಪಕ್ಕ ಸೌಟಿನಿಂದ ಬಡಿದು ನೋಡಿದಳು. ಹಂಡೆಯ ಹೊಟ್ಟೆ ಠಣ್ ಎಂದಿತು, ತಳ ದೊಪ್ಪೆಂದಿತು. ಕಿರಿದಾದ ಬಾಯೊಳಗೆ ಕೈ ಇಳಿಸಿದರೆ ತಳದಲ್ಲಿ ಬಂಡೆಯಂಥದೇನೋ ಅಂಟಿಕೊಂಡಿತ್ತು. ಪಾಳೇಗಾರರ ಕಾಲದಲ್ಲಿ ಚಿನ್ನ ಇಟ್ಟು ಮೇಲೆ ಗಾರೆ ಬಳಿಯುತ್ತಿದ್ದರು ಎಂದು ಅವಳು ಕಣ್ಣಾರೆ ಕಂಡವಳಂತೆ ಹೇಳಿದಳು. ಹುಟ್ಟಿದಾಗಿನಿಂದ ಆ ಹಂಡೆಯ ನೀರಲ್ಲೇ ಮಿಂದಿದ್ದ ಕಾಟಪ್ಪನಿಗೂ ಈಗ ಅದು ಯಾರದೋ ಹಂಡೆಯಂತೆ ಕಂಡಿತು.

ವೀರೇಶ ಆಟೋದಲ್ಲಿ ಕೂರಿಸಿಕೊಂಡು ವೆಲ್ಡಿಂಗ್ ಅಂಗಡಿಗೆ ಕರೆದೊಯ್ದ. ಹಂಡೆ ಅಡ್ಡಡ್ಡ ಸೀಳಿತು. ತಳದಿಂದ ಬಿಳಿ ಹೆಂಟೆಗಳು ಉದುರಿದವು: ಮೂರು ತಲೆಮಾರು ಕಾಯಿಸಿದ ಗಡಸು ನೀರಿನ ಸುಣ್ಣ. ವೆಲ್ಡಿಂಗಿನವನು ಕೂಲಿ ಕೇಳಿದ, ವೀರೇಶ ಬಾಡಿಗೆ ಕೇಳಿದ.

ಹಂಡೆಯ ಎರಡು ಹೋಳು, ಟವೆಲ್ಲಿನಲ್ಲಿ ಕಟ್ಟಿದ ಹೆಂಟೆ ಹೊತ್ತು ಕಾಟಪ್ಪ ಸಾಹೇಬರ ಮುಂದೆ ತಲೆತಗ್ಗಿಸಿ ನಿಂತ. ನಡೆದದ್ದನ್ನು ಹೇಳಿ, ಗುಜರಿ ಬೆಲೆ ಎಷ್ಟೋ ಅಷ್ಟು ಕೊಡಿ ಎಂದ. ಸಾಹೇಬರು ಎರಡೂ ಹೋಳುಗಳನ್ನು ಜೋಡಿಸಿ ನೋಡಿದರು.

"ನಾನು ಬೆಲೆ ಏರಿಸಿದ್ದಕ್ಕೇ ನೀವಿದನ್ನ ಸೀಳಿಸಿದ್ರಿ. ನಿಮಗೆ ನಷ್ಟ ಆಗಿದ್ದು ನನ್ನ ಮಾತಿನಿಂದ. ಕಮಿಟಿ ದುಡ್ಡು ಮುಟ್ಟಲ್ಲ, ನನ್ನ ಕೈಯಿಂದ ಕೊಡ್ತೀನಿ. ಅದೇ ನಾಲ್ಕು ಸಾವಿರ." ಜೇಬಿನಿಂದ ನೋಟು ತೆಗೆದು ಚಾಚಿದರು.

ಕಾಟಪ್ಪನ ಕೈ ಮುಂದೆ ಹೋಗಿ ಅರ್ಧದಲ್ಲೇ ನಿಂತಿತು. ಇಡೀ ಹಂಡೆಗೂ ನಾಲ್ಕು, ಒಡೆದದ್ದಕ್ಕೂ ನಾಲ್ಕು! ಅದೂ ಕಮಿಟಿಗೆ ತಿಳಿಸದೆ, ಸ್ವಂತ ಜೇಬಿನಿಂದ! ಹಂಡೆ ಸೀಳಿದ್ದೇನೋ ನಿಜ, ಹೆಂಟೆಗಳನ್ನು ಯಾರು ಒಡೆದು ನೋಡಿದರು?

"ಕೊಡಲ್ಲ ಸಾಹೇಬ್ರೆ," ಎಂದವನೇ ಹೋಳುಗಳನ್ನು ಚೀಲಕ್ಕೆ ತುರುಕಿ, ಟವೆಲ್ಲಿನ ಗಂಟನ್ನು ಎದೆಗೊತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ.

ಮನೆಯಲ್ಲಿ ಸೂರಮ್ಮ ಮಿಕ್ಸಿ ಎಲ್ಲಿ ಎಂದಳು. ಕಾಟಪ್ಪ ಬೈಗುಳಕ್ಕೆ ಬೆನ್ನು ಕೊಟ್ಟವನಂತೆ ಕೂತು, ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ.

"ಒಡೆದಿದ್ದಕ್ಕೂ ಅಷ್ಟೇ ಕೊಡ್ತೀನಿ ಅಂದ್ರಾ?"

"ಹೂಂ. ಸ್ವಂತ ದುಡ್ಡು."

ಸೂರಮ್ಮ ಬೀದಿಯ ಆಚೆ ಈಚೆ ನೋಡಿದಳು. "ಮೊದ್ಲು ಬಾಗ್ಲು ಹಾಕು," ಎಂದು ದನಿ ತಗ್ಗಿಸಿ, ಹೆಂಟೆಯ ಗಂಟು ಬಿಚ್ಚಿ, ಒರಳಿನ ಗುಂಡನ್ನು ಅವನ ಕಡೆ ಉರುಳಿಸಿದಳು.